ಹನೋರಾ ಹಂದಿಯೂ ಹಳದಿ-ಕಪ್ಪು ಜೆರ್ಸಿಯೂ

ಈನಾಕ್ ಟಾಲಿ ಹುಟ್ಟಿದಾಗ ಸೂಲಗಿತ್ತಿ ಮೊದಲು ಅವನ ಕೈಗಳನ್ನು ನೋಡಿ, "ಅಯ್ಯೋ, ಅವಳಿ ಕಣ್ರೀ" ಎಂದು ಕೂಗಿದಳಂತೆ. ಮಂಗಪೆಕ ಊರಿನಲ್ಲಿ ಇದನ್ನು ಸುಳ್ಳು ಅನ್ನುವವರು ಯಾರೂ ಇಲ್ಲ, ಯಾಕೆಂದರೆ ಎಲ್ಲರೂ ಆ ಕೈಗಳನ್ನು ನೋಡಿದ್ದಾರೆ. ಒಂದೊಂದು ಕೈಯೂ ಹಾಲಿನ ಕ್ಯಾನಿನ ಮುಚ್ಚಳದಷ್ಟಿತ್ತು. ಆ ಕೈಗಳಿಂದ ಅವನು ಬೆಳಿಗ್ಗೆ ಸಂಜೆ ಹಸು ಕರೆಯುತ್ತಿದ್ದ, ಶನಿವಾರ ಮಧ್ಯಾಹ್ನ ರಗ್ಬಿ ಆಡುತ್ತಿದ್ದ, ಭಾನುವಾರ ಮೆಥಡಿಸ್ಟ್ ಚರ್ಚಿನಲ್ಲಿ ಅವುಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂರುತ್ತಿದ್ದ.

ತಂಡದ ಹದಿನೈದು ಜನರಲ್ಲಿ ಹದಿನಾಲ್ಕು ಜನ ಮುಂದೆ ನುಗ್ಗಿ, ಒಬ್ಬರ ಕಂಕುಳಲ್ಲಿ ಒಬ್ಬರು ತಲೆ ತೂರಿಸಿ, ಕೆಸರಿನಲ್ಲಿ ಎಮ್ಮೆಗಳ ಹಾಗೆ ದೂಡಾಡುತ್ತಿದ್ದರು. ಈನಾಕ್ ಮಾತ್ರ ಎಲ್ಲರಿಗಿಂತ ಹಿಂದೆ ಒಬ್ಬನೇ ನಿಂತಿರುತ್ತಿದ್ದ. ಆ ಹದಿನಾಲ್ಕು ಜನರನ್ನೂ ದಾಟಿ ಚೆಂಡು ಹಿಡಿದು ಓಡಿ ಬಂದ ಎದುರಾಳಿಗೆ ಕೊನೆಗೆ ಸಿಗುತ್ತಿದ್ದವನು ಇವನು. ಕಾಲಿಗೆ ಕೈ ಹಾಕಿ ಒಂದು ಸಲ ಕೆಡವಿದರೆ, ಬಿದ್ದವನಿಗೆ ತನ್ನ ಅಮ್ಮನ ಹೆಸರು ನೆನಪಾಗಲು ಹೊತ್ತು ಹಿಡಿಯುತ್ತಿತ್ತು. ನದಿಯಾಚೆಯ ಊರಿನವನೊಬ್ಬ ತಾನು ಈನಾಕನನ್ನು ದಾಟಿ ಹೋಗಿದ್ದೆ ಎಂದು ಬಹಳ ವರ್ಷ ಜಂಬ ಕೊಚ್ಚಿಕೊಂಡ. ಅವನ ಒಂದು ಬೂಟು ಈನಾಕನ ಕೈಯಲ್ಲೇ ಉಳಿದಿತ್ತು, ಆದ್ದರಿಂದ ಅವನು ಪೂರ್ತಿಯಾಗಿ ದಾಟಿದ ಎಂದು ಮಂಗಪೆಕದವರು ಇವತ್ತಿಗೂ ಒಪ್ಪಿಲ್ಲ.

ಇಷ್ಟೆಲ್ಲ ಇದ್ದರೂ ಈನಾಕ್ ಜನ್ಮದಲ್ಲಿ ಒಂದೂ ಟ್ರೈ ಹೊಡೆದವನಲ್ಲ. ಟ್ರೈ ಹೊಡೆಯಬೇಕಾದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಊರಬೇಕು. ಈನಾಕನಿದ್ದದ್ದು ಅದರ ತದ್ವಿರುದ್ಧ ತುದಿಯಲ್ಲಿ. ಅಲ್ಲಿಂದ ಆ ಗೆರೆ ಅವನಿಗೆ ಹಿಮ ಹೊದ್ದ ಬೆಟ್ಟದಷ್ಟು ದೂರ.

"ಈನಾಕ್ ಟ್ರೈ ಹೊಡೆದ ದಿನ ನನ್ನ ಹನೋರಾನ ಅವನಿಗೆ ಕೊಟ್ಬಿಡ್ತೀನಿ!" ಎಂದು ಹೋಟೆಲಿನ ಡೂಲನ್ ಎರಡು ಊರಿನ ಜನರ ಮುಂದೆ ಮೇಜು ಗುದ್ದಿ ಹೇಳಿದ್ದ. ಹನೋರಾ ಅಂದರೆ ಅವನ ಹೆಣ್ಣು ಹಂದಿ. ತನ್ನ ಅತ್ತೆಯ ಹೆಸರನ್ನೇ ಇಟ್ಟಿದ್ದ, ಪುಣ್ಯಾತ್ಮ. ಇಬ್ಬರಿಗೂ ಹೋಲಿಕೆ ಇತ್ತೆಂದು ಅತ್ತೆಯನ್ನು ನೋಡಿದವರು ಹೇಳುತ್ತಿದ್ದರು. ಹಂದಿಯ ಒಂದು ಕಿವಿಯನ್ನು ಹೊದಿಸಿದರೆ ತೊಟ್ಟಿಲಿನ ಮಗು ಬೆಚ್ಚಗೆ ಮಲಗುತ್ತಿತ್ತು.

ಆ ವರ್ಷ ಚಳಿಗಾಲದ ಕೊನೆಗೆ ನದಿಯಾಚೆಯವರ ಜೊತೆ ಪಂದ್ಯ ನಡೆಯುವಾಗ ಬೆಟ್ಟದಿಂದ ಮಂಜು ಇಳಿಯಿತು. ಎಂಥ ಮಂಜೆಂದರೆ, ಆಟಗಾರರು ತಮ್ಮ ಮೂಗೇ ಕಾಣದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎಲ್ಲಿಂದಲೋ ಚೆಂಡು ಬಂದು ಈನಾಕನ ಎದೆಗೆ ಬಿತ್ತು. ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವನು ಚೆಂಡು ಹಿಡಿದು ಮುಂದೆ ನಡೆದ. ಯಾರೂ ಸಿಗಲಿಲ್ಲ. ಇನ್ನಷ್ಟು ಓಡಿದ. ಆಗಲೂ ಯಾರೂ ಸಿಗಲಿಲ್ಲ. ಕೊನೆಗೆ ಬೇಲಿಗೆ ಎದೆ ತಾಗಿದಾಗ ದಾರಿ ತಪ್ಪಿದೆ ಎಂದು ಗೊತ್ತಾಗಿ, ಚೆಂಡನ್ನು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, "ಯಾರಾದ್ರೂ ಇದ್ದೀರಾ?" ಎಂದು ಕೂಗಿದ. ರೆಫರಿ ಅವನ ಪಕ್ಕದಲ್ಲೇ ಸೀಟಿ ಊದಿದ. ಟ್ರೈ! ಮಂಗಪೆಕ ಗೆದ್ದಿತು.

ಅಂದು ಸಾಯಂಕಾಲ ಡೂಲನ್ ಕಣ್ಣೀರು ಒರೆಸಿಕೊಳ್ಳುತ್ತ ಹನೋರಾಳನ್ನು ಹಗ್ಗ ಕಟ್ಟಿ ಎಳೆದು ತಂದು ಈನಾಕನ ಅಂಗಳದಲ್ಲಿ ಬಿಟ್ಟ. ಈನಾಕನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಅವನ ಹೆಂಡತಿ ಲೆಟಿಗೆ ಬೇಡ ಅನ್ನುವ ಮನಸ್ಸೇ ಇರಲಿಲ್ಲ. ಬೆಣ್ಣೆ ಫ್ಯಾಕ್ಟರಿಯಿಂದ ವಾಪಸ್ ಬರುವ ಕೆನೆ ತೆಗೆದ ಹಾಲನ್ನು ಕುಡಿಯಲು ಒಂದು ಪ್ರಾಣಿ ಬೇಕಿತ್ತು ಅವಳಿಗೆ. ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಹನೋರಾಳ ಬೆನ್ನು ಕೆರೆಯುವ ಕೋಲು, ಹೀಗೆ ಅವಳ ದಿನಗಳು ಸುಖವಾಗಿ ನಡೆದವು.

ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಪ್ರಾಂತ್ಯದ ತಂಡಕ್ಕೆ ಈನಾಕ್ ಟಾಲಿಯನ್ನು ಆರಿಸಿದ್ದರು. ಮುಂದಿನ ಬುಧವಾರ ಪಟ್ಟಣದಲ್ಲಿ, ದಕ್ಷಿಣದ ಪ್ರಾಂತ್ಯದವರ ಮೇಲೆ ಪಂದ್ಯ. ಮಂಗಪೆಕದಿಂದ ಪ್ರಾಂತ್ಯದ ಹಳದಿ-ಕಪ್ಪು ಪಟ್ಟೆಯ ಜೆರ್ಸಿ ತೊಡುವ ಭಾಗ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಈನಾಕ್ ಆ ಸುದ್ದಿ ಕೇಳಿ ಕೊಟ್ಟಿಗೆಗೆ ಹೋಗಿ ಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆಯಲು ಕೂತ. ಆಮೇಲೆ ಲೆಟಿ ಹೋಗಿ ನೋಡಿದರೆ ಅವನ ಮುಖದಲ್ಲಿ ನಗು, ಕೈ ಕೆಳಗೆ ಬಕೆಟ್ಟೇ ಇಲ್ಲ, ಹಾಲೆಲ್ಲ ನೆಲದ ಪಾಲು.

"ಇಷ್ಟು ವರ್ಷ ಆಡಿದ್ದು ಇದಕ್ಕೇ ಕಣೇ ಲೆಟಿ," ಅಂದ ಈನಾಕ್. "ಒಂದೇ ಒಂದು ಸಲ ಅದನ್ನ ಮೈಮೇಲೆ ಹಾಕ್ಕೊಂಡ್ಬಿಟ್ರೆ ಸಾಕು. ಆಮೇಲೆ ಕಾಲು ಮುರಿದ್ರೂ ಮುರೀಲಿ."

"ಕಾಲು ಮುರ್ಕೊಂಡ್ರೆ ಹಸು ಕರೆಯೋದು ನಿಮ್ಮಪ್ಪನಾ?" ಅಂದಳು ಲೆಟಿ. ಆದರೆ ಅವಳ ಕಣ್ಣೂ ಒದ್ದೆಯಾಗಿತ್ತು.

ಶನಿವಾರ ಬೆಳಿಗ್ಗೆ ಪಟ್ಟಣದಿಂದ ಕುದುರೆಗಾಡಿಯಲ್ಲಿ ಮಿಸ್ಟರ್ ಥಾರ್ನಿಕ್ ಬಂದಿಳಿದರು. ಪ್ರಾಂತ್ಯದ ರಗ್ಬಿ ಸಮಿತಿಗೆ ಅವರು ಕಾರ್ಯದರ್ಶಿ, ಹೊಟ್ಟೆಪಾಡಿಗೆ ವಕೀಲರ ಗುಮಾಸ್ತ. ಅವರ ಕಾಲರ್ ಎಷ್ಟು ಗಟ್ಟಿಯಾಗಿತ್ತೆಂದರೆ, ಪಕ್ಕಕ್ಕೆ ತಿರುಗಬೇಕಾದರೆ ಅವರು ಕಾಲಿನಿಂದಲೇ ತಿರುಗುತ್ತಿದ್ದರು. ಬೆಣ್ಣೆ ಫ್ಯಾಕ್ಟರಿಯ ಮುಂದೆ ಹಾಲು ಹಾಕಲು ಸಾಲು ನಿಂತಿದ್ದ ಊರೆಲ್ಲ ಅವರನ್ನು ನೋಡಿತು.

"ನದಿಯಾಚೆಯಿಂದ ಒಂದು ದೂರು ಬಂದಿದೆ," ಅಂದರು ಥಾರ್ನಿಕ್. "ಟಾಲಿಯವರಿಗೆ ಟ್ರೈ ಹೊಡೆದಿದ್ದಕ್ಕೆ ಬಹುಮಾನ ಅಂತ ಒಂದು ಹಂದಿ ಕೊಟ್ಟಿದ್ದಾರಂತೆ. ನಮ್ಮದು ಪ್ರೀತಿಗೆ ಆಡೋ ಆಟ. ಆಡಿದ್ದಕ್ಕೆ ಯಾರಿಂದ ಏನು ತಗೊಂಡ್ರೂ, ಅದು ಚಹಾದ ಪೊಟ್ಟಣವೇ ಆಗಿರ್ಲಿ, ಅವನು ಕೂಲಿಗೆ ಆಡಿದ ಹಾಗೆ. ಅಂಥವನಿಗೆ ಬುಧವಾರವೂ ಆಟ ಇಲ್ಲ, ಸಾಯೋವರೆಗೂ ಇಲ್ಲ. ನಿಜ ಏನು ಅಂತ ತಿಳ್ಕೊಳ್ಳೋಕೆ ಬಂದಿದೀನಿ."

ಆಮೇಲೆ ಊರಿಗೆ ಊರೇ ಈನಾಕನನ್ನು ಉಳಿಸಲು ನಿಂತಿತು. ಕೆಟ್ಟದ್ದು ಏನೆಂದರೆ, ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆ ನಿಂತುಬಿಟ್ಟಿತು.

"ಹಂದಿನಾ? ಅದು ಲೆಟಿ ತವರಿಂದ ಬಂದ ಬಳುವಳಿ ಸಾರ್," ಅಂದಳು ಅಂಚೆ ಕಚೇರಿ ನೋಡಿಕೊಳ್ಳುವ ಮುದುಕಿ.

"ಅವರ ಮದುವೆ ಆಗಿ ಆರು ವರ್ಷ ಆಯ್ತಂತೆ. ಹಂದಿ ಬಂದು ಮೂರು ವಾರ ಆಯ್ತಂತೆ."

"ಹೂಂ, ದೂರದ ಊರು. ನಿಧಾನಕ್ಕೆ ನಡ್ಕೊಂಡು ಬಂತು."

ಥಾರ್ನಿಕ್ ಕಾಲಿನಿಂದ ತಿರುಗಿ ಕಮ್ಮಾರನನ್ನು ಕೇಳಿದರು. ಕಮ್ಮಾರ ಎದೆ ಸೆಟೆದು, "ಯಾವ ಹಂದಿ? ಈ ಊರಲ್ಲಿ ಹಂದಿನೇ ಇಲ್ಲ. ನಮಗೆ ಹಂದಿ ಅಂದ್ರೇನೇ ಆಗಲ್ಲ," ಅಂದ. ಅವನ ಹಿಂದೆ ಹನೋರಾ ಫ್ಯಾಕ್ಟರಿಯ ಕಂಬಕ್ಕೆ ಬೆನ್ನು ತಿಕ್ಕುತ್ತಿದ್ದಳು. ಫ್ಯಾಕ್ಟರಿಯ ಛಾವಣಿ ಅಲುಗಾಡುತ್ತಿತ್ತು. ಲೆಟಿಯ ಹಾಲಿನ ಗಾಡಿಯ ಹಿಂದೆ ನಡೆದು ಬರುವುದು ಹಂದಿಯ ನಿತ್ಯದ ಪದ್ಧತಿ.

ತಂಡದಲ್ಲಿ ಈನಾಕನ ಆಪ್ತ ಗೆಳೆಯ ತಾಮತಿ, ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನದವನು, ಊರಿನಲ್ಲೇ ನಾಲಿಗೆ ಚುರುಕಿನವನು. ಅವನು ಮುಂದೆ ಬಂದು ಟೋಪಿ ತೆಗೆದ. "ಸಾರ್, ಹಂದಿ ಈನಾಕಂದು ಅನ್ನೋದು ಶುದ್ಧ ತಪ್ಪು. ಈನಾಕನೇ ಹಂದಿಯೋನು. ಬೆಳಿಗ್ಗೆ ಸಾಯಂಕಾಲ ಅದಕ್ಕೆ ಊಟ ಹೊತ್ತುಕೊಂಡು ಹೋಗ್ತಾನೆ, ಮಲಗೋ ಜಾಗ ಗುಡಿಸ್ತಾನೆ. ಅದೇನಾದ್ರೂ ಇವನಿಗೆ ಕೊಟ್ಟಿದ್ದನ್ನ ಯಾರಾದ್ರೂ ನೋಡಿದೀರಾ?"

ಊರು ನಕ್ಕಿತು. ಥಾರ್ನಿಕ್ ನಗಲಿಲ್ಲ. "ಟಾಲಿಯವರನ್ನೇ ಕೇಳ್ತೀನಿ," ಅಂದರು.

ಲೆಟಿ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದು, "ಬಾಯಿ ಬಿಡಬೇಡ ಕಣೋ. ಕೆಮ್ಮು," ಅಂದಳು.

ಈನಾಕ್ ಕೆಮ್ಮಿದ. ಅವನಿಗೆ ಸುಳ್ಳು ಕೆಮ್ಮು ಕೂಡ ಬರುತ್ತಿರಲಿಲ್ಲ. ಸುಳ್ಳು ಅವನ ಹತ್ತಿರ ಸುಳಿದರೇ ಸಾಕು, ಕಿವಿಗಳು ಕೆಂಪಾಗಿ, ಕಂಕುಳು ಬೆವೆತು, ಎತ್ತರದ ಆಳು ಕುಗ್ಗಿ ಅರ್ಧವಾಗುತ್ತಿದ್ದ. ಈಗ ಅವನ ಕಿವಿಗಳಲ್ಲಿ ಕಾಫಿ ಕಾಯಿಸಬಹುದಿತ್ತು. ಒಂದು ಕಡೆ ಆ ಹಳದಿ-ಕಪ್ಪು ಜೆರ್ಸಿ ಕಣ್ಣ ಮುಂದೆ ಆಡುತ್ತಿದೆ, ಇನ್ನೊಂದು ಕಡೆ ಬಾಯಿಗೆ ಬರುತ್ತಿರುವುದು ನಿಜ ಒಂದೇ.

"ಟ್ರೈ ಹೊಡೆದೆ ಅಂತಾನೇ ಕೊಟ್ಟಿದ್ದು ಸಾರ್," ಅಂದುಬಿಟ್ಟ. "ಡೂಲನ್ ಕೊಟ್ಟ. ನಾನು ತಗೊಂಡೆ. ತಗೋಬಾರ್ದು ಅಂತ ಹೊಳೀಲಿಲ್ಲ. ಸತ್ಯವಾಗಿ ಹೇಳ್ಬೇಕಂದ್ರೆ, ಟ್ರೈ ಕೂಡ ಹೊಡೆಯೋಣ ಅಂತ ಹೊಡೆದಿದ್ದಲ್ಲ. ದಾರಿ ಕೇಳೋಣ ಅಂತ ಹೋಗಿದ್ದೆ."

ಲೆಟಿ ಮುಖಕ್ಕೆ ಏಪ್ರನ್ ಮುಚ್ಚಿಕೊಂಡಳು. "ಹೋಯ್ತು. ಕೆಮ್ಮು ಅಂದ್ರೆ ಕಕ್ಕಿಬಿಟ್ಟ."

ಥಾರ್ನಿಕ್ ಬಹಳ ಹೊತ್ತು ಮೀಸೆ ಸವರಿಕೊಂಡರು. ಮನುಷ್ಯ ಕೆಟ್ಟವರಲ್ಲ. ಈ ಊರಿಗೆ ಕಾಲಿಟ್ಟ ಮೇಲೆ ಅವರು ಕೇಳಿದ ಮೊದಲ ನಿಜ ಇದು. ಅವರ ಧ್ವನಿ ಸ್ವಲ್ಪ ಮೆತ್ತಗಾಯಿತು. "ತಿಳೀದೆ ಆದ ತಪ್ಪು ಅಂತ ನಾನು ಸಮಿತಿಗೆ ಹೇಳಬಲ್ಲೆ. ಆದ್ರೆ ಆ ಹಂದಿ ನಿಮ್ಮ ಹತ್ರ ಇರಬಾರ್ದು. ಈಗ್ಲೇ, ನನ್ನ ಕಣ್ಣೆದುರಿಗೇ, ಕೊಟ್ಟವರಿಗೆ ವಾಪಸ್ ಕೊಟ್ಬಿಡಿ."

ಈನಾಕನಿಗೆ ಹೋದ ಜೀವ ಬಂತು. ಕಂಬದ ಹತ್ತಿರದಿಂದ ಹನೋರಾಳನ್ನು ಎಳೆದು ತಂದು, ಕುತ್ತಿಗೆಗೆ ಹಗ್ಗ ಹಾಕಿ, ಅದರ ತುದಿಯನ್ನು ಡೂಲನ್‌ನ ಕೈಗೆ ಚಾಚಿದ. ಡೂಲನ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟ.

"ನಾನು ತಗೊಳ್ಳಲ್ಲ."

"ತಗೊಳೋ ಮಾರಾಯ! ನನ್ನ ಜೆರ್ಸಿ ಹೋಗುತ್ತೆ."

"ನಿನ್ನ ಜೆರ್ಸಿ ಹೋಗುತ್ತೆ, ನನ್ನ ಮರ್ಯಾದೆ ಹೋಗಲ್ವಾ? ಎರಡೂರಿನ ಜನದ ಮುಂದೆ ಕೊಟ್ಟೆ. ಉಗುಳಿದ್ದನ್ನ ನೆಕ್ಕಿದ ಡೂಲನ್ ಅಂತ ನದಿಯಾಚೆಯೋರು ನನ್ನ ಮೊಮ್ಮಕ್ಕಳ ಕಾಲದವರೆಗೂ ಆಡ್ಕೋತಾರೆ. ನಾನು ಐರ್ಲೆಂಡಿನವನು. ಪ್ರಾಣ ಬೇಕಾದ್ರೆ ಕೊಡ್ತೀನಿ, ಹಂದಿ ವಾಪಸ್ ತಗೊಳ್ಳಲ್ಲ."

"ಹಾಗಾದ್ರೆ ಟಾಲಿಯವರು ಆಡಲ್ಲ," ಅಂದರು ಥಾರ್ನಿಕ್.

ಈನಾಕ್ ಹಗ್ಗವನ್ನು ರಸ್ತೆಯ ಮಧ್ಯೆ ಕೆಳಗೆ ಹಾಕಿ ದೂರ ಸರಿದು ನಿಂತ. ಹನೋರಾ ಯಾರಿಗೂ ಸೇರದವಳಾಗಿ, ಕೆಸರಿನಲ್ಲಿ ಮೂತಿ ಇಟ್ಟುಕೊಂಡು, ಸಂತೋಷವಾಗಿಯೇ ಇದ್ದಳು. ಊರು ಅವಳ ಸುತ್ತ ನಿಂತು ಯೋಚಿಸಿತು. ಯೋಚಿಸಿ ಅಭ್ಯಾಸವಿಲ್ಲದ ಊರು. ಕೊನೆಗೆ ಡೂಲನ್‌ಗೇ ಹೊಳೆಯಿತು.

"ನಾನೂ ತಗೊಳ್ಳಲ್ಲ, ಅವನಿಗೂ ಬೇಡ. ಅಲ್ಲಿಗೆ ಹಂದಿ ಯಾರದೂ ಅಲ್ಲ. ಹೊಸ ವರ್ಷದ ದಿನ ನಾವು ಏನ್ ಮಾಡ್ತೀವಿ? ಹಂದಿಗೆ ಸೋಪು ಬಳಿದು ಬಿಡ್ತೀವಿ. ಹಿಡಿದು ನಿಲ್ಲಿಸಿದೋರಿಗೆ ಹಂದಿ. ಇವತ್ತೂ ಹಾಗೇ ಮಾಡೋಣ. ಕೊಟ್ಟೋನೂ ನಾನಲ್ಲ, ತಗೊಂಡೋನೂ ಅವನಲ್ಲ."

ಊರೆಲ್ಲ ಹೋ ಎಂದು ಒಪ್ಪಿತು. ಸೋಪು ಹಂದಿ ಅಂದರೆ ಮಂಗಪೆಕದವರು ಊಟ ಬಿಟ್ಟು ಓಡಿಬರುವ ಆಟ. ಥಾರ್ನಿಕ್ ಯೋಚಿಸಿದರು. "ಆಗಬಹುದು. ಆದ್ರೆ ಟಾಲಿಯವರು ಸೇರಬಾರ್ದು. ಸ್ಪರ್ಧೇಲಿ ಗೆದ್ದ ಹಂದಿನೂ ಬಹುಮಾನವೇ. ಅವರ ಒಂದು ಬೆರಳು ತಾಗಿದ್ರೂ ಅಲ್ಲಿಗೆ ಮುಗೀತು."

"ನಾನು ಸೇರಬಹುದಾ?" ಅಂದಳು ಲೆಟಿ.

"ನೀವು? ಇದು ಗಂಡಸರ..."

"ಸರ್ಕಾರ ನಮಗೆ ವೋಟು ಕೊಟ್ಟು ಎಷ್ಟೋ ವರ್ಷ ಆಯ್ತು ಮಿಸ್ಟರ್ ಥಾರ್ನಿಕ್. ಮಂತ್ರಿಗಳನ್ನ ಹಿಡಿದು ಕೂರಿಸೋಕೆ ಆಗುತ್ತೆ, ಹಂದಿ ಹಿಡಿದು ಕೂರಿಸೋಕೆ ಆಗಲ್ವಾ?"

"ಆದ್ರೆ ನೀವು ಗೆದ್ರೆ ಅದು ನಿಮ್ಮ ಗಂಡಂದೇ ಆದ ಹಾಗಲ್ವಾ?"

"ನೀವು ವಕೀಲರ ಹತ್ರ ಕೆಲಸ ಮಾಡೋರು. ಹೆಂಡ್ತಿ ಸಂಪಾದಿಸಿದ್ದು ಯಾರದ್ದು ಅಂತ ಈ ದೇಶದ ಕಾನೂನು ಹೇಳುತ್ತೆ, ನೀವೇ ಹೇಳಿ."

ಥಾರ್ನಿಕ್ ಕಾಲರಿನೊಳಗೆ ಬೆರಳು ಹಾಕಿ ಸಡಿಲ ಮಾಡಿಕೊಂಡರು. "ಹೆಂಡ್ತೀದೇ," ಅಂದರು.

ಡೂಲನ್‌ನ ಹೋಟೆಲಿನಿಂದ ಮೆದು ಸೋಪಿನ ಡಬ್ಬ ಬಂತು. ಹನೋರಾಳನ್ನು ಮೂತಿಯಿಂದ ಬಾಲದವರೆಗೂ ತಿಕ್ಕಿದರು. ಸೋಪು ಹಚ್ಚಿದ ಮೇಲೆ ಅವಳು ಎಷ್ಟು ಹೊಳೆಯುತ್ತಿದ್ದಳೆಂದರೆ, ಅಂಚೆ ಮುದುಕಿ ಅವಳ ಬೆನ್ನಿನಲ್ಲಿ ಮುಖ ನೋಡಿಕೊಂಡು ತಲೆಗೂದಲು ಸರಿ ಮಾಡಿಕೊಂಡಳು. ಈನಾಕನನ್ನು ಥಾರ್ನಿಕ್ ರಸ್ತೆಯ ಕೊನೆಯಲ್ಲಿ, ಫ್ಯಾಕ್ಟರಿಯ ಗೋಡೆ ಮತ್ತು ಮುಳ್ಳುಬೇಲಿಯ ನಡುವಿನ ಇಕ್ಕಟ್ಟಿನಲ್ಲಿ, ಎಲ್ಲರಿಂದ ದೂರ ನಿಲ್ಲಿಸಿದರು. ಅದರಾಚೆ ಬರೀ ಕಾಡು.

"ಕೈಗಳನ್ನ ಜೇಬಲ್ಲಿ ಇಟ್ಕೊಳ್ಳಿ," ಅಂದರು.

"ಜೇಬಲ್ಲಿ ಹಿಡಿಯಲ್ಲ ಸಾರ್."

"ಹಾಗಾದ್ರೆ ತಲೆ ಮೇಲೆ ಇಟ್ಕೊಳ್ಳಿ."

ಡೂಲನ್ ಹಂದಿಯ ಹಿಂಭಾಗಕ್ಕೆ ಒಂದು ಪೆಟ್ಟು ಕೊಟ್ಟ. ಆಮೇಲೆ ನಡೆದದ್ದನ್ನು ಮಂಗಪೆಕದಲ್ಲಿ ಇಬ್ಬರು ಒಂದೇ ರೀತಿ ಹೇಳುವುದಿಲ್ಲ. ಕಮ್ಮಾರ ಮೊದಲು ಹಾರಿ ಅವಳ ಕುತ್ತಿಗೆಗೆ ತೆಕ್ಕೆ ಹಾಕಿದ, ಸೋಪಿನಂತೆ ಜಾರಿ, ಹೊಟ್ಟೆಯ ಮೇಲೆ ರಸ್ತೆಯುದ್ದಕ್ಕೂ ಸರ್ರನೆ ಹೋಗಿ ಚರ್ಚಿನ ಬಾಗಿಲೊಳಗೆ ನುಗ್ಗಿದ. ಮದುವೆಯಾದ ಮೇಲೆ ಅವನು ಚರ್ಚಿನೊಳಗೆ ಹೋದದ್ದು ಅದೇ ಮೊದಲು. ತಾಮತಿ ಬೇಲಿಯ ಮೇಲಿನಿಂದ ನೇರವಾಗಿ ಅವಳ ಬೆನ್ನಿಗೆ ಜಿಗಿದ, ಆದರೆ ಹಿಂದುಮುಂದಾಗಿ ಕೂತು, ಬಾಲ ಹಿಡಿದುಕೊಂಡು ಸೇತುವೆಯವರೆಗೂ ಸವಾರಿ ಮಾಡಿ, "ಯಾವ ಕಡೆ ಹೋಗ್ತಾ ಇದೀನಿ ಯಾರಾದ್ರೂ ಹೇಳ್ರೋ!" ಎಂದು ಕೂಗುತ್ತ ನದಿಯಲ್ಲಿ ಬಿದ್ದ. ಹನೋರಾ ಅಲ್ಲಿಂದ ತಿರುಗಿ ಬಂದು ಥಾರ್ನಿಕ್ ಅವರ ಎರಡೂ ಕಾಲುಗಳ ನಡುವೆ ತೂರಿದಳು. ಅವರು ಕೆಳಗೆ ಬಿದ್ದಾಗ ಉರುಳಿದ ಟೋಪಿಯನ್ನು ಬಾಯಲ್ಲಿ ಕಚ್ಚಿಕೊಂಡು ಮತ್ತೆ ಓಡಿದಳು.

ಲೆಟಿ ಇನ್ನೂ ಓಡಿರಲಿಲ್ಲ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿ ಬಗ್ಗಿಸಿ, ಫ್ಯಾಕ್ಟರಿಯ ಗೋಡೆಯ ಪಕ್ಕ ಕಾಯುತ್ತಿದ್ದಳು. ಹಂದಿ ಕೊನೆಗೆ ಕಾಡಿನ ಕಡೆಗೇ ಓಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹನೋರಾ ಹಾಗೇ ಓಡಿದಳು, ಬಾಯಲ್ಲಿ ಟೋಪಿ ಇಟ್ಟುಕೊಂಡು, ನೇರವಾಗಿ ಈನಾಕನ ಮೇಲೆ.

ಎದುರಿಗೆ ಓಡಿ ಬರುವುದೆಲ್ಲವನ್ನೂ ಹಿಡಿದು ಕೆಡವುವುದೇ ಅವನ ಜನ್ಮದ ಕೆಲಸ. ಅವನ ಭುಜ ತನ್ನಷ್ಟಕ್ಕೆ ತಾನೇ ತಗ್ಗಿತು. ತಲೆಯ ಮೇಲಿನ ಬೆರಳುಗಳು ಕೂದಲನ್ನು ಕಿತ್ತುಬರುವ ಹಾಗೆ ಹಿಡಿದುಕೊಂಡವು. ಊರಿಗೂ ಅಭ್ಯಾಸ, ಎಲ್ಲರೂ ಒಂದೇ ಗಂಟಲಿನಲ್ಲಿ, "ಹಿಡಿಯೋ ಈನಾಕ್, ಹಿಡಿ!" ಎಂದು ಕಿರುಚಿದರು.

"ಮುಟ್ಟಿದ್ರೆ ನಿನ್ನ ಕೈ ಕಡಿದುಹಾಕ್ತೀನಿ!" ಎಂದು ಲೆಟಿ ಅವರೆಲ್ಲರಿಗಿಂತ ಜೋರಾಗಿ ಕಿರುಚಿದಳು.

ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಒಂದು ಕಡೆ ಗೋಡೆ, ಒಂದು ಕಡೆ ಮುಳ್ಳು. ಈನಾಕ್ ಕಣ್ಣು ಮುಚ್ಚಿ, ಕೈಗಳನ್ನು ತಲೆಯ ಮೇಲೆಯೇ ಇಟ್ಟುಕೊಂಡು, ಕಾಲಗಲಿಸಿ ಮೇಲಕ್ಕೆ ನೆಗೆದ. ಆ ಮೈಯನ್ನು ಭೂಮಿ ಅಷ್ಟು ಎತ್ತರಕ್ಕೆ ಹೇಗೆ ಬಿಟ್ಟುಕೊಟ್ಟಿತೋ! ಹನೋರಾ ಅವನ ಕೆಳಗಿನಿಂದ ಹೋದಳು. ಅವನಿನ್ನೂ ನೆಲಕ್ಕೆ ಇಳಿದಿರಲಿಲ್ಲ, ಅಷ್ಟರಲ್ಲಿ ಲೆಟಿಯೂ ಅವನ ಕೆಳಗಿನಿಂದಲೇ ಹೋದಳು.

ತಲೆ ಒಂದು ಪಕ್ಕಕ್ಕೆ, ಭುಜ ಹಂದಿಯ ಪಕ್ಕೆಗೆ, ಎರಡೂ ತೋಳು ಹಿಂಗಾಲುಗಳ ಸುತ್ತ. ಸೋಪಿನಲ್ಲಿ ಜಾರದ ಹಾಗೆ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದು ಬೀಗ ಹಾಕಿದ್ದಳು. ಇಬ್ಬರೂ ಸೇರಿ ಬಿದ್ದ ಸದ್ದಿಗೆ ಫ್ಯಾಕ್ಟರಿಯೊಳಗಿನ ಬೆಣ್ಣೆ ಇನ್ನಷ್ಟು ಗಟ್ಟಿಯಾಯಿತು. ಹನೋರಾ ಒದ್ದಳು, ಅರಚಿದಳು, ಚರಂಡಿಯಲ್ಲಿ ಲೆಟಿಯನ್ನು ಎಳೆದಾಡಿದಳು. ಲೆಟಿ ಬಿಡಲಿಲ್ಲ. ಕೊನೆಗೆ ಹಂದಿಯೇ ಸುಸ್ತಾಗಿ, ಟೋಪಿಯನ್ನು ಉಗುಳಿ, ನಿಟ್ಟುಸಿರು ಬಿಟ್ಟು ಮಲಗಿತು.

ಥಾರ್ನಿಕ್ ಕುಂಟುತ್ತ ಬಂದು ಮೊದಲು ಈನಾಕನ ಕೈಗಳನ್ನು ನೋಡಿದರು. ಅವು ಇನ್ನೂ ತಲೆಯ ಮೇಲೆಯೇ ಇದ್ದವು. ಒಣಗಿದ್ದವು, ಸೋಪಿನ ಒಂದು ಗುಳ್ಳೆಯೂ ಇರಲಿಲ್ಲ.

"ಹಂದಿ ಮಿಸೆಸ್ ಟಾಲಿ ಅವರದ್ದು," ಎಂದು ಸಾರಿದರು. "ಟಾಲಿಯವರು ಬುಧವಾರ ಆಡ್ತಾರೆ." ಆಮೇಲೆ ತಡೆಯಲಾರದೆ, ಕೆಸರಿನಲ್ಲಿ ಕೂತಿದ್ದ ಲೆಟಿಯ ಕಡೆ ಬಗ್ಗಿ ಕೇಳಿದರು. "ಅಮ್ಮಾ, ಇಷ್ಟು ಚೆನ್ನಾಗಿ ಹಿಡಿಯೋದನ್ನ ಎಲ್ಲಿ ಕಲಿತ್ರಿ?"

"ಇವನು ಎಲ್ಲಿ ಕಲಿತ ಅಂತ ಕೇಳಿ," ಅಂದಳು ಲೆಟಿ, ಬಾಯೊಳಗಿನ ಕೆಸರನ್ನು ಉಗಿದು. "ವಾರವೆಲ್ಲ ನಮ್ಮ ಹುಲ್ಲುಗಾವಲಲ್ಲಿ ಇವನು ಪ್ರಾಕ್ಟೀಸ್ ಮಾಡ್ತಾನಲ್ಲ, ಎದುರಾಳಿ ತಂಡ ಯಾರು ಅಂದ್ಕೊಂಡ್ರಿ? ಹದಿನೈದೂ ಜನ ನಾನೇ. ಮದುವೆ ಆದಾಗಿಂದ ಇವನು ನನ್ನ ಕೆಡವಿದ್ದಕ್ಕಿಂತ ನಾನು ಇವನನ್ನ ಕೆಡವಿದ್ದೇ ಜಾಸ್ತಿ. ಏನೋ, ಸುಳ್ಳಾ?"

ಎಲ್ಲರೂ ಈನಾಕನ ಕಿವಿ ನೋಡಿದರು. ಕೆಂಪಾಗಲಿಲ್ಲ.

"ನಿಜ," ಅಂದ ಈನಾಕ್.

"ಇನ್ನಾದ್ರೂ ಕೈ ಕೆಳಗಿಳಿಸು ತಮ್ಮಾ," ಅಂದ ತಾಮತಿ, ಮೈಯಿಂದ ನದಿ ನೀರು ತೊಟ್ಟಿಕ್ಕಿಸುತ್ತ. "ಪೊಲೀಸ್ ಹಿಡಿದೋನ ಹಾಗೆ ನಿಂತಿದೀಯ."

ಬುಧವಾರ ಊರಿನ ಅರ್ಧ ಜನ ರೈಲು ಹತ್ತಿದರು. ಇನ್ನರ್ಧ ಜನ ಹೋದವರ ಹಸುಗಳನ್ನೂ ಸೇರಿಸಿ ಹಾಲು ಕರೆದರು. ಲೆಟಿ ಹೋಗಲಿಲ್ಲ. ಅವಳ ಸೊಂಟ ಹಿಡಿದುಕೊಂಡಿತ್ತು, ಹಂದಿಗೂ ಮೈನೋವು, ಇಬ್ಬರೂ ಒಲೆಯ ಮುಂದೆ ಕೂತಿದ್ದರು. ಪಂದ್ಯದಲ್ಲಿ ದಕ್ಷಿಣದವರ ದೈತ್ಯನೊಬ್ಬ ಮೊದಲ ಸಲ ಎದುರಿಗೆ ನುಗ್ಗಿ ಬಂದಾಗ, ಈನಾಕನ ಕೈಗಳು ಶನಿವಾರದ ನೆನಪಿನಲ್ಲಿ ಸೊಯ್ಯೆಂದು ತಲೆಯ ಮೇಲೆ ಹೋದವಂತೆ. ಆ ದೈತ್ಯ ಇದೆಂಥ ಹುಚ್ಚೋ ಎಂದು ಒಂದು ಗಳಿಗೆ ನಿಂತುಬಿಟ್ಟ. ಅಷ್ಟೇ ಸಾಕಾಯಿತು. ಮುಂದಿನ ಕ್ಷಣ ಅವನು ಆಕಾಶ ನೋಡುತ್ತಿದ್ದ. ಆಮೇಲೆ ಪಂದ್ಯ ಮುಗಿಯುವವರೆಗೆ ಈನಾಕನನ್ನು ದಾಟಿ ಗಾಳಿ ಬಿಟ್ಟರೆ ಬೇರೆ ಏನೂ ಹೋಗಲಿಲ್ಲ. ಪ್ರಾಂತ್ಯ ಗೆದ್ದಿತು.

ಆದರೆ ಜೆರ್ಸಿ ಈನಾಕನದಲ್ಲ, ಸಮಿತಿಯದು. ಆಟ ಮುಗಿದ ಮೇಲೆ ಆಟಗಾರರೆಲ್ಲ ತಮ್ಮ ತಮ್ಮ ಜೆರ್ಸಿಯನ್ನು ಮನೆಗೊಯ್ದು, ಒಗೆದು ಒಣಗಿಸಿ ಪಟ್ಟಣಕ್ಕೆ ಕಳುಹಿಸಬೇಕು. ಅದನ್ನು ಇಟ್ಟುಕೊಂಡರೆ ಅದೂ ಬಹುಮಾನವೇ. ಈನಾಕ್ ಕಾಗದದಲ್ಲಿ ಸುತ್ತಿ ಎದೆಗವಚಿಕೊಂಡು ತಂದ. ಲೆಟಿ ಅದನ್ನು ಮೊದಲು ತಾನು ತೊಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ನಡೆದು ನೋಡಿದಳು. ಮಂಡಿಯವರೆಗೆ ಬಂತು. ಆಮೇಲೆ ಒಗೆದು ಅಂಗಳದ ತಂತಿಯ ಮೇಲೆ ಹರವಿದಳು.

ಆ ಹಳದಿ-ಕಪ್ಪು ಪಟ್ಟೆ ಗಾಳಿಗೆ ತೋಳು ಬೀಸುವುದನ್ನು ನೋಡಲು ಮಂಗಪೆಕವೆಲ್ಲ ಬಂತು. ಡೂಲನ್ ಟೋಪಿ ತೆಗೆದು ನಿಂತ. ತಾಮತಿಯ ಜನರ ಹಳ್ಳಿಯಿಂದ ಹಿರಿಯರೆಲ್ಲ ಗಾಡಿ ಕಟ್ಟಿಕೊಂಡು ಬಂದು, ಬೇಲಿಯ ಹೊರಗೆ ನಿಂತು ಎರಡು ಮಾತಾಡಿ, ಲೆಟಿ ಮಾಡಿದ ಬಿಸಿ ರೊಟ್ಟಿ ತಿಂದು ಹೋದರು. ಕೊನೆಗೆ ನದಿಯಾಚೆಯವರೂ ಬಂದರು. ದೂರು ಹೇಳಿದವನು ಜೆರ್ಸಿಯ ತುದಿಯನ್ನು ಒಂದು ಬೆರಳಲ್ಲಿ ಮುಟ್ಟಿ, "ಉಣ್ಣೆ ಒಳ್ಳೇದಿದೆ," ಅಂದ.

ಜೆರ್ಸಿ ಮಾತ್ರ ಒಣಗಲೇ ಇಲ್ಲ. ಆ ಊರಿನ ಗಾಳಿಗೆ ತಂತಿಯ ಮೇಲಿನ ಹೊದಿಕೆಗಳೇ ಹಾರಿ ಪಕ್ಕದ ಜಿಲ್ಲೆಯಲ್ಲಿ ಸಿಗುತ್ತವೆ. ಆದರೂ ಒಂದು ವಾರ ಕಳೆದರೂ ಜೆರ್ಸಿ ತೊಟ್ಟಿಕ್ಕುತ್ತಲೇ ಇತ್ತು. ಪಟ್ಟಣದಿಂದ ಥಾರ್ನಿಕ್ ಅವರ ಟೆಲಿಗ್ರಾಂ ಬಂತು, ಜೆರ್ಸಿ ಎಲ್ಲಿ ಎಂದು. ಅಂಚೆ ಮುದುಕಿ ಅದನ್ನು ತಂದು ಓದಿದಳು.

"ಇನ್ನೂ ಒದ್ದೆ ಇದೆ ಅಂತ ಬರೀರಿ," ಅಂದ ಈನಾಕ್. ಮುದುಕಿ ಅವನ ಕಿವಿಗಳನ್ನು ಒಂದು ಸಲ ನೋಡಿ, ಹಾಗೇ ಬರೆದಳು.

ಮರುದಿನ ಬೆಳಿಗ್ಗೆ ಹಾಲು ಕರೆದು ಕೊಟ್ಟಿಗೆಯಿಂದ ಈಚೆ ಬಂದ ಈನಾಕನಿಗೆ ಗುಟ್ಟು ಕಂಡಿತು. ಲೆಟಿ ಸ್ಟೂಲಿನ ಮೇಲೆ ಹತ್ತಿ ನಿಂತು, ಚೊಂಬಿನಿಂದ ಜೆರ್ಸಿಯ ಮೇಲೆ ನಿಧಾನವಾಗಿ ನೀರು ಸುರಿಯುತ್ತಿದ್ದಳು. ಮೊದಲು ಹೆಗಲಿಗೆ, ಆಮೇಲೆ ತೋಳುಗಳಿಗೆ, ಒಣಗಿದ ಜಾಗ ಹುಡುಕಿ ಹುಡುಕಿ. ಅವನನ್ನು ನೋಡಿ ಅವಳ ಕೈ ನಿಂತಿತು.

ಈನಾಕ್ ಹಾಲಿನ ಕ್ಯಾನನ್ನು ಕೆಳಗಿಟ್ಟು, ಮಳೆನೀರಿನ ತೊಟ್ಟಿಯ ಕಡೆಗೆ ನಡೆದು, ಒಂದು ಬಕೆಟ್ ತುಂಬಿಸಿ ತಂದ.

"ಬೆನ್ನು ಕಡೆ ಬಿಟ್ಟಿದೀಯ," ಅಂದ.